ಕ್ಲೀನರ್ ಸೀಟು ಖಾಲಿಯಾದ ಮೇಲೆ

ಹುಬ್ಬಳ್ಳಿಯ ಹೊರವಲಯದಲ್ಲಿ, ಬೈಪಾಸ್ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಎರೆಹೊಲದ ಮೇಲೆ ಗರಸು ಸುರಿದು ರೋಲರ್ ಓಡಿಸಿ ಗಟ್ಟಿ ಮಾಡಿದ ಒಂದು ಬಯಲಿದೆ. ಬೆಳಗಿನ ಏಳಕ್ಕೆ ಅಲ್ಲಿ ಟೈರು ಬಡಿಯುವ ಸದ್ದು. ಕೈಯಲ್ಲಿ ಕಬ್ಬಿಣದ ರಾಡು ಹಿಡಿದ ಹುಡುಗರು ಹತ್ತು ಚಕ್ರದ ಹಳೆಯ ಲಾರಿಯೊಂದರ ಸುತ್ತ ಸುತ್ತುತ್ತಾರೆ, ಒಂದೊಂದು ಟೈರಿಗೂ ಒಂದೊಂದು ಏಟು ಹಾಕಿ ಕಿವಿಗೊಡುತ್ತಾರೆ. ಗಾಳಿ ಸರಿಯಿದ್ದರೆ ರಾಡು ಪುಟಿದು ಹಿಂದಕ್ಕೆ ಬರುತ್ತದೆ. ಇಳಿದಿದ್ದರೆ ಏಟು ಧಪ್ಪೆಂದು ಅಲ್ಲೇ ಸಾಯುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನ ಟೈರು ಕೂತುಬಿಟ್ಟಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಹೊರಗಿನ ಟೈರು ಅದರ ಭಾರವನ್ನೂ ಹೊತ್ತು ಓಡುತ್ತದೆ, ಓಡಿ ಓಡಿ ಕಾಯುತ್ತದೆ, ಕೊನೆಗೆ ನಡುಹಾದಿಯಲ್ಲಿ ಸಿಡಿಯುತ್ತದೆ. ಎರಡು ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡುವುದೂ ಈ ಸುತ್ತಿನ ಪಾಠವೇ. ಅದು ಹಾರಿದರೆ ಹಿಂದೆ ಬರುವ ಬೈಕಿನವನ ಹಣೆಗೆ.

"ಗಾಡಿ ಹತ್ತೂಕಿಂತ ಮೊದಲ ಒಂದು ಸುತ್ತು ಹಾಕ್ಬೇಕು. ಮಾಲಕ ನಿಂತು ನೋಡಿದ್ರೂ ಹಾಕ್ಬೇಕು, ನೋಡ್ಲಿಲ್ಲಂದ್ರೂ ಹಾಕ್ಬೇಕು," ಎನ್ನುತ್ತಾರೆ ಕಲಿಸುವವರು. ಐವತ್ತು ದಾಟಿದ ವಯಸ್ಸು, ಬಿಸಿಲಿಗೆ ಕಪ್ಪಾದ ಬಲಗೈ, ಅದಕ್ಕಿಂತ ಒಂದು ಬಣ್ಣ ತಿಳಿಯಾದ ಎಡಗೈ. ಬಲಕ್ಕೆ ಕೂತು ಕಿಟಕಿಯ ಮೇಲೆ ಮೊಣಕೈ ಊರಿ ದಶಕಗಟ್ಟಲೆ ಲಾರಿ ಹೊಡೆದವರ ಗುರುತು ಅದು. ಹುಡುಗರು ಅವರನ್ನು ಸರ್ ಎಂದೇ ಕರೆಯಬೇಕೆಂಬ ನಿಯಮವಿದೆ. ಗಾಡಿ ಹಿಡಿತ ತಪ್ಪಿದ ಗಳಿಗೆಯಲ್ಲಿ ಬಾಯಿಗೆ ಬರುವುದು ಮಾತ್ರ "ಕಾಕಾ!"

ಕಲಿಯಲು ಬಂದವರನ್ನು ನೋಡಬೇಕು. ಮುಂಡರಗಿ ಕಡೆಯಿಂದ ಬಂದ ಒಬ್ಬ ಪಿಯುಸಿ ಮುಗಿಸಿ ಎರಡು ವರ್ಷ ಗಾರೆ ಕೆಲಸಕ್ಕೆ ಹೋದವನು. ಸವಣೂರಿನ ಇನ್ನೊಬ್ಬ ಟ್ರ್ಯಾಕ್ಟರ್ ಹೊಡೆಯುವುದರಲ್ಲಿ ಪಳಗಿದವನು, ಲಾರಿಯಲ್ಲೂ ಟ್ರ್ಯಾಕ್ಟರಿನಂತೆ ಕತ್ತು ಹೊರಳಿಸಿ ಹಿಂದೆ ನೋಡುತ್ತಾನೆ, ಪ್ರತಿ ಸಲ ಬೈಸಿಕೊಳ್ಳುತ್ತಾನೆ. ಐಟಿಐ ಅರ್ಧಕ್ಕೆ ಬಿಟ್ಟವರು, ಬೆಂಗಳೂರಿನಲ್ಲಿ ಊಟ ಹಂಚುವ ಬೈಕ್ ಓಡಿಸಿ ಸಾಕಾಗಿ ಬಂದವರು. ಕಲಘಟಗಿ ಕಡೆಯ ಒಬ್ಬ ಹುಡುಗಿಯೂ ಇದ್ದಾಳೆ. ಅರ್ಧಕ್ಕರ್ಧ ಮಂದಿಯ ಕಣ್ಣು ನಿಜವಾಗಿ ಇರುವುದು ಲಾರಿಯ ಮೇಲಲ್ಲ, ಸಾರಿಗೆ ಸಂಸ್ಥೆಯ ಬಸ್ಸಿನ ಮೇಲೆ. ಹೆವಿ ಲೈಸೆನ್ಸು ಕೈಗೆ ಬಂದು ಒಂದಷ್ಟು ಹಳೆಯದಾದರೆ ಚಾಲಕ ಹುದ್ದೆಗೆ ಅರ್ಜಿ ಹಾಕಬಹುದು, ಅಲ್ಲಿಯವರೆಗೆ ಲಾರಿ ಎಂಬ ಲೆಕ್ಕ ಅವರದು. ಅಪ್ಪ ಲಾರಿ ಚಾಲಕನಾಗಿದ್ದು ಮಗನೂ ಬಂದವನು ಆ ಗುಂಪಿನಲ್ಲಿ ಒಬ್ಬನೇ. ಅವನೂ ಅಪ್ಪನಿಗೆ ಹೇಳದೆ ಬಂದವನು.

ಕಾನೂನಿನ ದಾರಿ ಉದ್ದದ್ದು. ಕಾರಿನ ಲೈಸೆನ್ಸಿಗೆ ಹದಿನೆಂಟು ತುಂಬಿದರೆ ಸಾಕು, ಲಾರಿಗೆ ಇಪ್ಪತ್ತು ತುಂಬಬೇಕು. ಅದಕ್ಕೂ ಮೊದಲು ಲಘು ವಾಹನದ ಲೈಸೆನ್ಸು ಕನಿಷ್ಠ ಒಂದು ವರ್ಷ ಕೈಯಲ್ಲಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತೊಂದಿತ್ತು, ಚಾಲಕರೇ ಸಿಗುತ್ತಿಲ್ಲವೆಂದು 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. 2021ರ ಜುಲೈನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮಾನ್ಯತೆ ಪಡೆದ ತರಬೇತಿ ಕೇಂದ್ರದಲ್ಲಿ ಭಾರಿ ವಾಹನದ ಕಲಿಕೆಗೆ ಆರು ವಾರ, 38 ಗಂಟೆ. ಅಲ್ಲಿ ಪಾಸಾದವರು ಆರ್‌ಟಿಓ ಮೈದಾನದಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಎದುರು ಮತ್ತೆ ಗಾಡಿ ಓಡಿಸಿ ತೋರಿಸಬೇಕಾಗಿಲ್ಲ. ಮೂವತ್ತೆಂಟು ಗಂಟೆಯಲ್ಲಿ ಸ್ಟೇರಿಂಗು, ಗೇರು, ಬ್ರೇಕು ಬರಬಹುದು. ರಸ್ತೆ ಬರುವುದಿಲ್ಲ.

ಹಿಂದೆ ರಸ್ತೆ ಬರುತ್ತಿದ್ದದ್ದು ಕ್ಲೀನರ್ ಸೀಟಿನಿಂದ. ಹದಿನಾಲ್ಕು ಹದಿನೈದರ ಹುಡುಗ ಮನೆ ಬಿಟ್ಟು ಓಡಿಬಂದು ಲಾರಿ ಹತ್ತುತ್ತಿದ್ದ. ಗಾಜು ಒರೆಸಿದ, ಸ್ಟೆಪ್ನಿ ಉರುಳಿಸಿದ, ರಾತ್ರಿ ಡೀಸೆಲ್ ಕಳುವಾಗದಂತೆ ಟ್ಯಾಂಕಿನ ಪಕ್ಕ ಮಲಗಿದ, ಚಾಲಕನ ಬೈಗುಳ ತಿಂದ, ಕೆಲವೊಮ್ಮೆ ಏಟೂ ತಿಂದ. ಎಡಗಡೆಯ ಕಿಟಕಿಯಲ್ಲಿ ತಲೆ ಹೊರಹಾಕಿ "ಬರ್ಲಿ ಬರ್ಲಿ, ರೈಟ್" ಎನ್ನುತ್ತ ವರ್ಷಗಳನ್ನು ಕಳೆದ. ರಾತ್ರಿ ಖಾಲಿ ರಸ್ತೆಯಲ್ಲಿ ಒಂದು ದಿನ ಚಾಲಕ ಪಕ್ಕಕ್ಕೆ ಸರಿದು "ಹಿಡಿ" ಎಂದ. ಆ ಪದ್ಧತಿಯನ್ನು ನಾನು ಹೊಗಳಲಾರೆ. ಅದರೊಳಗೆ ಬಾಲಕಾರ್ಮಿಕತನವಿತ್ತು, ಹಿಂಸೆಯಿತ್ತು, ಲೈಸೆನ್ಸಿಲ್ಲದೆ ಹೆದ್ದಾರಿಗಿಳಿಯುವ ಅಪಾಯವಿತ್ತು. ಆದರೆ ಕನ್ನಡನಾಡಿನ ಹೆದ್ದಾರಿಗಳಲ್ಲಿ ಓಡಿದ ಹೆಚ್ಚಿನ ಚಾಲಕರನ್ನು ತಯಾರು ಮಾಡಿದ ಶಾಲೆ ಅದೊಂದೇ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ದೇಶದ ದೊಡ್ಡ ಸರಕು ಸಾಗಣೆ ಸಂಸ್ಥೆಗಳಲ್ಲೊಂದಾಗಿ ಬೆಳೆದ ನಾಡು ಇದು. ಇಲ್ಲಿ ಲಾರಿ ಎಂದರೆ ಕಸುಬು, ಸಾಲ, ಜಾತ್ರೆಯ ಹರಕೆ ಎಲ್ಲವೂ.

ಯಂತ್ರ ಬಂದರೆ ಚಾಲಕನ ಕೆಲಸ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಬಯಲಿನ ಅಂಚಿನಲ್ಲಿ ನಿಂತು ನೋಡಿದರೆ ಮೊದಲು ಹೋದವನು ಚಾಲಕನಲ್ಲ, ಪಕ್ಕದ ಸೀಟಿನವನು. ರೇಡಿಯಲ್ ಟೈರು ಬಂದು ಪಂಕ್ಚರ್ ಕಡಿಮೆಯಾಯಿತು. 2017ರಲ್ಲಿ ಜಿಎಸ್‌ಟಿ ಬಂದು ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು, ಇಳಿದು ಓಡಿ ಕಾಗದ ತೋರಿಸಿ ಬರುವ ಕೆಲಸ ಇಲ್ಲವಾಯಿತು. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನಲ್ಲಿ ಚಿಲ್ಲರೆ ಎಣಿಸುವುದೂ ಮುಗಿಯಿತು. ರಾಷ್ಟ್ರೀಯ ಪರ್ಮಿಟ್ ಇರುವ ಲಾರಿಯಲ್ಲಿ ಇಬ್ಬರು ಚಾಲಕರು ಇರಲೇಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಟ್ಟರು. ಲಾರಿ ಎಲ್ಲಿದೆ ಎಂದು ತೋರಿಸುವ ಸಾಧನವನ್ನು ಅಂಥ ಲಾರಿಗಳಿಗೆ ಕಡ್ಡಾಯ ಮಾಡಿದ್ದೂ ಅದೇ ವರ್ಷ. ಬಾಡಿಗೆಯಲ್ಲಿ ಉಳಿಯುವುದೇ ಕಡಿಮೆಯಾದ ಮಾಲೀಕನಿಗೆ ಇನ್ನೊಬ್ಬನ ಸಂಬಳ, ಊಟ, ಬಾಟಾ ಯಾಕೆ ಎನಿಸಿತು. ಹದಿನಾರು ಚಕ್ರದ ಲಾರಿಯಲ್ಲಿ ಇವತ್ತು ಒಬ್ಬನೇ ಕೂತು ಸಾವಿರಾರು ಕಿಲೋಮೀಟರ್ ಹೋಗಿಬರುವುದು ಮಾಮೂಲು. ಎಡಗಡೆಯ ಕಣ್ಣು ಹೋಯಿತು. ರಾತ್ರಿ ಮಾತಾಡಿಸಿ ಎಚ್ಚರವಿಡುವ ಬಾಯಿ ಹೋಯಿತು. ಮುಂದಿನ ಚಾಲಕ ತಯಾರಾಗುತ್ತಿದ್ದ ಜಾಗವೂ ಅದೇ ಆಗಿತ್ತು.

ಕಲಘಟಗಿ ಕಡೆಯ ಹುಡುಗಿ ಈಗ ಸ್ಟೇರಿಂಗ್ ಮುಂದೆ. ಎರಡು ಸಾಲು ಕೋನುಗಳ ನಡುವೆ ಲಾರಿಯನ್ನು ಹಿಂದಕ್ಕೆ ತಂದು ಗೋದಾಮಿನ ಕಟ್ಟೆಯಂತೆ ಕಟ್ಟಿದ ಗೋಡೆಗೆ ತಾಗದ ಹಾಗೆ ನಿಲ್ಲಿಸಬೇಕು. ಬಲಗಡೆಯ ಕನ್ನಡಿಯಲ್ಲಿ ಎಲ್ಲವೂ ಕಾಣುತ್ತದೆ, ಎಡಗಡೆಯದರಲ್ಲಿ ಅರ್ಧ ಆಕಾಶ, ಅರ್ಧ ಗರಸು. "ಗಡಬಿಡಿ ಬ್ಯಾಡ ತಂಗಿ. ಸಂಶೆ ಬಂತಂದ್ರ ನಿಂದ್ರಿಸು, ಇಳಿದು ನೋಡು, ಮತ್ತ ಹತ್ತು. ಇಳಿದು ನೋಡಾಕ ನಾಚಿಕಿ ಪಡೂ ಡ್ರೈವರ್ ಡ್ರೈವರೇ ಅಲ್ಲ." ಅವಳು ಇಳಿಯುತ್ತಾಳೆ, ನೋಡುತ್ತಾಳೆ, ಹತ್ತುತ್ತಾಳೆ. ಮತ್ತೆ ಇಳಿಯುತ್ತಾಳೆ. ಸಾಲಿನಲ್ಲಿ ಕಾಯುತ್ತಿರುವ ಹುಡುಗರಲ್ಲಿ ಒಬ್ಬ ನಗುತ್ತಾನೆ. ಕಾಕಾ ತಿರುಗಿ ನೋಡಿದ್ದಕ್ಕೆ ನಗು ನಿಲ್ಲುತ್ತದೆ. ಆ ಮುಂಜಾನೆ ಕೋನು ಬೀಳಿಸದೆ ಗಾಡಿ ನಿಲ್ಲಿಸಿದವಳು ಅವಳೊಬ್ಬಳೇ. ನಕ್ಕವನು ಮೂರು ಕೋನು ಮಲಗಿಸಿದ.

ಎಡಬದಿಯ ಪಾಠಕ್ಕೆ ಇಲ್ಲಿ ಒಂದು ಚಂದದ ವಿಧಾನವಿದೆ. ಒಬ್ಬನನ್ನು ಚಾಲಕನ ಸೀಟಿನಲ್ಲಿ ಕೂರಿಸಿ ಉಳಿದವರು ಒಬ್ಬೊಬ್ಬರಾಗಿ ಲಾರಿಯ ಎಡ ಮಗ್ಗುಲಿಗೆ ಬಂದು ನಿಲ್ಲುತ್ತಾರೆ. ಎಷ್ಟು ಮಂದಿ ಕಾಣಿಸುತ್ತಾರೆ ಎಂದು ಅವನು ಹೇಳಬೇಕು. "ಯಾರೂ ಇಲ್ರೀ ಸರ" ಎನ್ನುತ್ತಾನೆ. ಇಳಿಸಿ ತೋರಿಸಿದರೆ ಬಾಗಿಲಿಗೆ ಆತುಕೊಂಡು ಐದು ಜನ ನಿಂತಿದ್ದಾರೆ. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಹಾದಿಯಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಸ್ಕೂಟರಿನವರು ಸಾಯುವುದು ಅಲ್ಲಿ. ಆ ಐವರನ್ನು ನೋಡಿದ ಹುಡುಗನ ಮುಖ ಅವತ್ತಿಡೀ ಬಿಗಿದೇ ಇತ್ತು.

ಬಯಲಿನ ತುದಿಯ ತಗಡಿನ ಕೋಣೆಯಲ್ಲಿ ಸಿಮ್ಯುಲೇಟರ್ ಇದೆ. ಮೂರು ಪರದೆ, ಒಂದು ಸೀಟು, ನಿಜದಂಥ ಪೆಡಲ್ಲುಗಳು. ಮಂಜು, ಮಳೆ, ರಾತ್ರಿ, ಘಾಟಿ ಯಾವುದು ಬೇಕೋ ಅದು ಗುಂಡಿ ಒತ್ತಿದರೆ ಬರುತ್ತದೆ. ಮೊದಲ ಸಲ ಕೂತ ಕೆಲವರಿಗೆ ತಲೆ ಸುತ್ತಿ ವಾಂತಿ ಬಂದಂತಾಗುತ್ತದೆ, ಯಾಕೆಂದರೆ ಕಣ್ಣು ಓಡುತ್ತಿದೆ, ಮೈ ಕೂತಲ್ಲೇ ಇದೆ. ಬ್ರೇಕ್ ಫೇಲಾದ ಗಾಡಿಯನ್ನು ನಿಲ್ಲಿಸುವುದನ್ನು ಸಾಯದೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪರದೆಯ ಘಾಟಿಯಲ್ಲಿ ಸವಣೂರಿನ ಹುಡುಗ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯುತ್ತಾನೆ. ಡ್ರಮ್ಮು ಕಾದು ಬ್ರೇಕು ಹಿಡಿಯುವುದನ್ನೇ ಬಿಡುತ್ತದೆ, ಗಾಳಿಯ ಒತ್ತಡ ಇಳಿದು ಬಜರ್ ಕೂಗುತ್ತದೆ, ಲಾರಿ ಕಣಿವೆಗೆ ಹೋಗುತ್ತದೆ. "ಈಗ ನೀ ಸತ್ತಿ. ಎದ್ದು ಬಾ," ಎಂದು ಕಾಕಾ ಅವನ ಭುಜ ತಟ್ಟುತ್ತಾರೆ. ಎದ್ದು ಬಂದವನಿಗೆ ಮತ್ತೆ ಅದೇ ಮಾತು: ಯಾವ ಗೇರಿನ್ಯಾಗ ಹತ್ತತೀಯೋ ಅದ ಗೇರಿನ್ಯಾಗ ಇಳಿ.

ಮಧ್ಯಾಹ್ನದ ಹೊತ್ತಿಗೆ ಹೊಸ ಲಾರಿಯೊಂದು ಬಂತು, ಪರಿಚಿತ ಮಾಲೀಕರೊಬ್ಬರು ಹುಡುಗರಿಗೆ ತೋರಿಸಲೆಂದು ಕಳಿಸಿದ್ದು. ಎಲ್ಲರೂ ಮುತ್ತಿಕೊಂಡರು. ಕ್ಲಚ್ ಪೆಡಲ್ಲೇ ಇಲ್ಲ, ಗೇರನ್ನು ಗಾಡಿ ತಾನೇ ಬದಲಿಸಿಕೊಳ್ಳುತ್ತದೆ. ಎಸಿ ಇದೆ. 2025ರಿಂದ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿರುವುದು ಹುಡುಗರಿಗೆಲ್ಲ ಗೊತ್ತು. ಜೇವರ್ಗಿಯ ಬೇಸಿಗೆಯಲ್ಲಿ ಕಾದ ಇಂಜಿನ್ನಿನ ಪಕ್ಕ ಕೂತು ದುಡಿದ ತಲೆಮಾರಿಗೆ ಅದು ಸಣ್ಣ ಮಾತಲ್ಲ, ಮಾಡಬೇಕಾದ್ದನ್ನು ತಡವಾಗಿ ಮಾಡಿದರು ಅಷ್ಟೆ. ಮುಂದಿನ ಗಾಜಿನ ಮೇಲ್ಭಾಗದಲ್ಲಿ ಸಿದ್ಧಾರೂಢರ ಪಟ. ಪಟದ ಪಕ್ಕದಲ್ಲಿ ಒಂದು ಪುಟ್ಟ ಕ್ಯಾಮೆರಾ. ಅದರ ಒಂದು ಕಣ್ಣು ರಸ್ತೆಗೆ, ಇನ್ನೊಂದು ಚಾಲಕನಿಗೆ.

ಅಪ್ಪನಿಗೆ ಹೇಳದೆ ಬಂದವನು ಸೀಟಿಗೆ ಹತ್ತಿ ಬೇಕೆಂದೇ ಕಣ್ಣು ಮುಚ್ಚಿದ. ಬೀಪ್ ಎಂದಿತು. ಆಕಳಿಸಿದ, ಮತ್ತೆ ಬೀಪ್. ಜೇಬಿನಿಂದ ಫೋನ್ ತೆಗೆದ, ಇನ್ನೊಂದು ದನಿ. ಕೆಳಗಿದ್ದವರು ಕುಣಿದಾಡಿದರು. ಗಾಡಿ ತಂದ ಚಾಲಕ ಮಾತ್ರ ನಗಲಿಲ್ಲ: "ಇಲ್ಲಿ ಬೀಪ್ ಅಂದ್ರ ಅಲ್ಲಿ ಆಫೀಸ್‌ನ್ಯಾಗ ಗೊತ್ತಾಗತೈತಿ. ತಿಂಗಳಾ ಮಾರ್ಕ್ಸ್ ಬರತಾವ. ಮಾರ್ಕ್ಸ್ ಕಡಿಮಿ ಬಂದ್ರ ಫೋನ್ ಬರತೈತಿ."

ಈ ದೇಶದ ಲಾರಿಗೆ ಸ್ವಯಂಚಾಲನೆ ಬಂದ ರೀತಿ ಇದು ಎಂದು ನನಗನ್ನಿಸುತ್ತದೆ. ಅಮೆರಿಕದ ಟೆಕ್ಸಾಸಿನಲ್ಲಿ ಅರೋರಾ ಎಂಬ ಕಂಪನಿ 2025ರಲ್ಲಿ ಡಲ್ಲಾಸ್–ಹ್ಯೂಸ್ಟನ್ ನಡುವೆ ಚಾಲಕನಿಲ್ಲದ ಲಾರಿಯಲ್ಲಿ ಸರಕು ಸಾಗಿಸಲು ಶುರುಮಾಡಿತು. ಕೆಲವೇ ವಾರಗಳಲ್ಲಿ, ಲಾರಿ ತಯಾರಿಸಿದ ಕಂಪನಿ ಕೇಳಿಕೊಂಡಿದ್ದರಿಂದ, ಚಾಲಕನ ಸೀಟಿನಲ್ಲಿ ಒಬ್ಬ ವೀಕ್ಷಕನನ್ನು ಮತ್ತೆ ಕೂರಿಸಿತು. ಆಸ್ಟ್ರೇಲಿಯಾದ ಪಿಲ್ಬರಾ ಗಣಿಗಳಲ್ಲಿ 2008ರಿಂದಲೇ ಅದಿರಿನ ದೈತ್ಯ ಟ್ರಕ್ಕುಗಳು ಚಾಲಕರಿಲ್ಲದೆ ಓಡುತ್ತಿವೆ, ಅಲ್ಲಿ ಅಡ್ಡ ಬರುವ ದನವಿಲ್ಲ, ಬೇಲಿಯೊಳಗಿನ ರಸ್ತೆ. ನಮ್ಮ ರಸ್ತೆ ಹಾಗಲ್ಲ. ಹಾವೇರಿಯಿಂದ ಹುಬ್ಬಳ್ಳಿಗೆ ಬರುವಾಗ ಸುಗ್ಗಿಯ ಕಾಲದಲ್ಲಿ ಸರ್ವಿಸ್ ರಸ್ತೆಯ ಉದ್ದಕ್ಕೂ ಗೋವಿನಜೋಳ ಒಣಹಾಕಿರುತ್ತಾರೆ, ಅದರ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ, ಎದುರಿನಿಂದ ತಪ್ಪು ದಿಕ್ಕಿನಲ್ಲಿ ಟ್ರ್ಯಾಕ್ಟರ್ ಬರುತ್ತದೆ, ಅದಕ್ಕೆ ಹಿಂದಿನ ದೀಪವಿರುವುದಿಲ್ಲ. ಚಾಲಕನಿಲ್ಲದ ವಾಹನಗಳಿಗೆ ಅವಕಾಶ ಕೊಟ್ಟರೆ ಲಕ್ಷಾಂತರ ಚಾಲಕರ ಹೊಟ್ಟೆಗೆ ಕಲ್ಲು ಬೀಳುತ್ತದೆ, ಕೊಡುವುದಿಲ್ಲ ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಿಂದಲೂ ಹೇಳುತ್ತ ಬಂದಿದ್ದಾರೆ. ಹಾಗಾಗಿ ಚಾಲಕ ಉಳಿದ. ಅವನನ್ನು ನೋಡುವ ಕಣ್ಣು ಬಂತು. ಅಂಥ ಕಣ್ಣುಗಳನ್ನು ತಯಾರಿಸಿ ಅಮೆರಿಕದ ಲಾರಿಗಳಿಗೆ ಕೂರಿಸುವ ನೆಟ್ರಡೈನ್ ಕಂಪನಿಯ ಕೆಲಸದ ದೊಡ್ಡ ಪಾಲು ನಡೆಯುವುದು ನಮ್ಮ ಬೆಂಗಳೂರಿನಲ್ಲೇ.

ಆ ಕ್ಯಾಮೆರಾ ಬೇಡವೆಂದು ನಾನು ಹೇಳುವುದಿಲ್ಲ. ನಸುಕಿನ ಮೂರು ಗಂಟೆಗೆ ಒಂಟಿಯಾಗಿ ಗಾಡಿ ಹೊಡೆಯುವವನನ್ನು ಎಬ್ಬಿಸಲು ಪಕ್ಕದಲ್ಲಿ ಯಾರೂ ಇಲ್ಲದಾಗ ಒಂದು ಬೀಪ್ ಜೀವ ಉಳಿಸುತ್ತದೆ. ಆದರೆ ಅದು ಆಕಳಿಕೆಯನ್ನು ನೋಡುತ್ತದೆ, ಆಕಳಿಕೆ ಬಂದದ್ದು ಯಾಕೆಂದು ನೋಡುವುದಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಅನ್‌ಲೋಡಿಗಾಗಿ ಒಂದೂವರೆ ದಿನ ಕಾದು, ಬಿಸಿಲಿನಲ್ಲಿ ನಿದ್ದೆ ಬಾರದೆ ಹೊರಳಾಡಿ, ಗೇಟು ತೆರೆದ ಮೇಲೆ ಕಳೆದ ಹೊತ್ತನ್ನು ರಸ್ತೆಯಲ್ಲಿ ತುಂಬಿಸಿಕೊಡಬೇಕಾದವನ ಆಕಳಿಕೆ ಅದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಕೆಲಸವೆಂದು ಬರೆದಿಟ್ಟಿತ್ತು. ಅಷ್ಟೂ ಕಾಲ ಅದನ್ನು ಜಾರಿಗೆ ತರದಿದ್ದವರ ನೆಪ ಒಂದೇ, ರಸ್ತೆಯ ಮೇಲಿರುವವನ ಗಂಟೆ ಎಣಿಸುವವರು ಯಾರು ಎಂದು. ಈಗ ಎಣಿಸುವ ಯಂತ್ರ ಎಷ್ಟೋ ಲಾರಿಗಳಲ್ಲಿ ಬಂದು ಕೂತಿದೆ. ಇಂಜಿನ್ ಚಾಲೂ ಆದ ನಿಮಿಷ, ನಿಂತ ನಿಮಿಷ, ಗೇಟಿನ ಮುಂದೆ ಕಾದ ನಿಮಿಷ ಎಲ್ಲವೂ ದಾಖಲಾಗುತ್ತಿದೆ. ಆ ಲೆಕ್ಕದಿಂದ ಚಾಲಕನಿಗೆ ಮಾರ್ಕ್ಸ್ ಹಾಕಬಹುದಾದರೆ, ಅದೇ ಲೆಕ್ಕದಿಂದ ಅವನಿಗೆ ನಿದ್ದೆಯನ್ನೂ ಕಾಯುವಿಕೆಯ ಕೂಲಿಯನ್ನೂ ಕೊಡಬಹುದು. ಹೊಸ ಹುಡುಗರು ಈ ಕಸುಬಿನಲ್ಲಿ ನಿಲ್ಲುವುದೂ ಬಿಡುವುದೂ ಇದರ ಮೇಲಿದೆ, ರೋಬೋಟಿನ ಮೇಲಲ್ಲ.

ರಸ್ತೆ ಸುರಕ್ಷತೆಯ ಸಂಸ್ಥೆ ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಹತ್ತು ನಗರಗಳ ಲಾರಿ ಚಾಲಕರನ್ನು ಮಾತಾಡಿಸಿದಾಗ, ನಮ್ಮವರಿಗೆ ಈ ಕೆಲಸ ಮಾಡಿ ಎಂದು ಹೇಳುವುದಿಲ್ಲ ಎಂದವರು ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು. ಅಪ್ಪನಿಗೆ ಹೇಳದೆ ಬಂದವನನ್ನು ಕೇಳಿದೆ, ಯಾಕಪ್ಪಾ ಹೇಳಿಲ್ಲ? "ನಾ ಕಲಿಬಾರ್ದು ಅಂತನ ಅವ್ರು ಇಪ್ಪತ್ತೈದು ವರ್ಷ ಗಾಡಿ ಹೊಡದಾರ್ರೀ." ಹಾಗಾದರೆ ನೀನು ಬಂದದ್ದು? ಸ್ವಲ್ಪ ಹೊತ್ತು ಯೋಚಿಸಿದ. "ಡಿಗ್ರಿ ಮುಗಿಸಿದ ನಮ್ಮಣ್ಣ ಮನ್ಯಾಗದಾನ್ರೀ."

ನಾಲ್ಕು ಗಂಟೆಯ ಮೇಲೆ ತಾಡಪತ್ರಿಯ ಪಾಠ. ಸರ್ಕಾರದ ಪಠ್ಯಕ್ರಮದಲ್ಲಿ ಇದಕ್ಕೆ ಹೆಚ್ಚು ಜಾಗವಿಲ್ಲ, ಕಾಕಾ ತಮ್ಮ ಹಟದಿಂದ ಸೇರಿಸಿದ್ದು. ಹೊಟ್ಟು ತುಂಬಿದ ಚೀಲಗಳನ್ನು ಲೋಡಿನಂತೆ ಒಟ್ಟಿದ್ದಾರೆ. ಹಿಂದಿನಿಂದ ಹೊದಿಸುತ್ತ ಮುಂದಕ್ಕೆ ಬರಬೇಕು, ಮುಂದಿನ ತಾಡಪತ್ರಿಯ ಅಂಚು ಹಿಂದಿನದರ ಮೇಲೆ ಬರಬೇಕು. ಉಲ್ಟಾ ಆದರೆ ಗಾಳಿ ಒಳಹೊಕ್ಕು ಇಡೀ ಹೊದಿಕೆ ಎದ್ದು ಹೋಗುತ್ತದೆ. ಹಗ್ಗವನ್ನು ಕೊಕ್ಕೆಗೆ ಹಾಕಿ, ಎಳೆದು, ಒಂದು ಜಗ್ಗಿಗೆ ಬಿಚ್ಚಿಕೊಳ್ಳುವಂತೆ ಗಂಟು ಹಾಕಬೇಕು. ಬ್ಯಾಡಗಿ ಮೆಣಸಿನಕಾಯಿಯ ಲೋಡಿಗೆ ಒಂದು ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ಬೆಲೆ ಹೋಗುತ್ತದೆ, ದೂರು ಚಾಲಕನ ತಲೆಗೆ ಬರುತ್ತದೆ. ಲಾರಿಯನ್ನು ಓಡಿಸುವುದು ಅವನ ಕೆಲಸದ ಒಂದು ಭಾಗ ಮಾತ್ರ. ಇನ್ನೊಬ್ಬರ ಹತ್ತಾರು ಲಕ್ಷದ ಮಾಲಿಗೆ ದಾರಿಯುದ್ದಕ್ಕೂ ಹೊಣೆಯಾಗಿ ನಿಲ್ಲುವವನು ಅವನು. ಮಳೆ ಬಂದಾಗ ಇಳಿದು ಹಗ್ಗ ಬಿಗಿಯಬೇಕು, ರಾತ್ರಿ ಯಾವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಕಳ್ಳರ ಕಾಟವಿಲ್ಲ ಎಂದು ತಿಳಿದಿರಬೇಕು, ಇ–ವೇ ಬಿಲ್ಲಿನ ಗಡುವು ಮುಗಿಯುವುದರೊಳಗೆ ಮುಟ್ಟಬೇಕು, ಗೋದಾಮಿನ ಹಮಾಲರೊಂದಿಗೆ ಬೇರೆ ಭಾಷೆಯಲ್ಲಿ ಚೌಕಾಶಿ ಮಾಡಬೇಕು.

ಎಲ್ಲಿ ನಿಲ್ಲಿಸಬಾರದು ಎಂಬುದೂ ಪಾಠವೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆ ಬದಿಯ ಹೋಟೆಲ್ಲಿನ ಹತ್ತಿರ ನಿಂತಿದ್ದ ಲಾರಿಗಳನ್ನು ಮಣ್ಣು ಕೊಚ್ಚಿಕೊಂಡು ಹೋಯಿತು. ಕಟ್ಟಿಗೆ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದರ ಜಿಪಿಎಸ್ ಕೊನೆಗೆ ತೋರಿಸಿದ್ದು ಆ ಜಾಗವನ್ನೇ. ಲಾರಿಯೂ ಅದರ ಚಾಲಕನ ಶವವೂ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅರಬೈಲ್ ಘಾಟಿ ಇಳಿದು ಅಂಕೋಲಾ ದಾರಿಯಲ್ಲಿ ವರ್ಷಾನುಗಟ್ಟಲೆ ಓಡಾಡಿದ ಕಾಕಾ ಅದನ್ನು ಹೇಳುವಾಗ ದನಿ ಏರಿಸಲಿಲ್ಲ: "ಮಳಿಗಾಲದಾಗ ಗುಡ್ಡದ ಬುಡಕ್ಕ ಚಾ ಕುಡ್ಯಾಕ ನಿಂದ್ರಬ್ಯಾಡ್ರಿ. ಚಾ ಮುಂದ ಸಿಗತೈತಿ."

ಆರು ವಾರ ಮುಗಿಸಿ ಲೈಸೆನ್ಸು ಕೈಗೆ ಬಂದವರನ್ನು ಮಾಲೀಕರು ಕೂಡಲೇ ದೊಡ್ಡ ಗಾಡಿಗೆ ಕೂರಿಸುವುದಿಲ್ಲ. ಕೂರಿಸಿದ ಕೆಲವರು ಗ್ಯಾರೇಜಿನ ಬಿಲ್ಲು ಕೊಟ್ಟು ಬುದ್ಧಿ ಕಲಿತಿದ್ದಾರೆ. ಹುಬ್ಬಳ್ಳಿಯ ಒಂದಿಬ್ಬರು ಟ್ರಾನ್ಸ್‌ಪೋರ್ಟಿನವರು ಈಗ ಹೊಸಬನನ್ನು ಮೊದಲ ಕೆಲವು ತಿಂಗಳು ಹಳೆಯ ಚಾಲಕನ ಪಕ್ಕ ಕೂರಿಸಿ ಕಳಿಸುತ್ತಾರೆ, ಅರ್ಧ ಸಂಬಳ, ಪೂರಾ ಬಾಟಾ. ಅವನು ಲೈಸೆನ್ಸು ಇರುವವನು, ವಯಸ್ಸಿಗೆ ಬಂದವನು, ಹಾಜರಿ ಪುಸ್ತಕದಲ್ಲಿ ಹೆಸರಿರುವವನು, ಆದ್ದರಿಂದ ಹಿಂದಿನ ಕ್ಲೀನರ್ ಹುಡುಗನಂತೆ ಅವನ ಮೇಲೆ ಕೈ ಎತ್ತುವ ಹಾಗಿಲ್ಲ. ಖರ್ಚು ಹೆಚ್ಚೆಂದು ಉಳಿದ ಮಾಲೀಕರು ಒಪ್ಪುತ್ತಿಲ್ಲ. ಒಪ್ಪಬೇಕು. ಎಲ್ಲರೂ ಕೈಯಿಂದ ಹಾಕಲಾಗದಿದ್ದರೆ ಕೌಶಲ ತರಬೇತಿಯ ಹೆಸರಿನಲ್ಲಿ ಸರ್ಕಾರ ಹಾಕಬೇಕು. ತರಬೇತಿ ಕೇಂದ್ರಕ್ಕೆ ಸಿಮ್ಯುಲೇಟರ್ ಕೊಡಿಸುವ ಹಣದಲ್ಲಿ ಒಂದಷ್ಟು ಆ ಎಡಗಡೆಯ ಸೀಟಿಗೂ ಹೋಗಲಿ.

ಮುಂಡರಗಿ ಕಡೆಯ ಹುಡುಗನಿಗೆ ಅಂಥ ಒಂದು ಸೀಟು ಸಿಕ್ಕಿದೆ. ರಾಣೆಬೆನ್ನೂರಿನಲ್ಲಿ ಗೋವಿನಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್ಲಿಗೆ, ಕೋಳಿ ಸಾಕುವವರಿಗೆ. ಚಿತ್ರದುರ್ಗ, ತುಮಕೂರು, ಹೊಸೂರು, ಕೃಷ್ಣಗಿರಿ, ಧರ್ಮಪುರಿ ಎಂದು ಊರುಗಳ ಹೆಸರನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದಾನೆ. ಧರ್ಮಪುರಿ ದಾಟಿದ ಮೇಲೆ ಸೇಲಂ ಕಡೆಗೆ ಇಳಿಯುವ ತೊಪ್ಪೂರು ಘಾಟಿ ಬರುತ್ತದೆ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬ್ರೇಕ್ ಸಿಗದೆ ಮುಂದಿನ ಗಾಡಿಗಳ ಮೇಲೇರಿ ಹೋದ ಲಾರಿಗಳಿಗೆ ಅಲ್ಲಿ ಲೆಕ್ಕವಿಲ್ಲ. ಈಗಿನ ಇಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಡೀಸೆಲ್ಲನ್ನು ತಾವೇ ನಿಲ್ಲಿಸುತ್ತವೆ, ಕುಡಿಯುವುದು ನ್ಯೂಟ್ರಲ್ಲಿನಲ್ಲೇ. ಇದನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದಾರೆ. ಆದರೂ ಹುಡುಗ ಕರೆದೊಯ್ಯುವ ಚಾಲಕನನ್ನು ಮತ್ತೆ ಕೇಳಿದ, ಘಾಟಿಯಲ್ಲಿ ನನಗೆ ಕೊಡ್ತೀರೇನ್ರೀ ಅಣ್ಣಾ ಎಂದು.

"ಹೋಗೂ ಮುಂದ ಲೋಡ್ ಇರತೈತಿ, ನಾ ಹೊಡೀತೀನಿ. ನೀ ಯಾವ ಗೇರಿಗೆ ಇಂಜಿನ್ ಹೆಂಗ ಸಪ್ಪಳ ಮಾಡತೈತಿ ಅಂತ ಕೇಳ್ಕೊಂತ ಕುಂದರು. ಬರೂ ಮುಂದ ಗಾಡಿ ಖಾಲಿ, ಘಾಟಿ ಏರಾಕ ನಿನಗ ಕೊಡ್ತೀನಿ. ಮನ್ಯಾಗ ಹೇಳಿ ಬಂದೀ ಇಲ್ಲೋ? ಹಾಸಿಗಿ ಸುತ್ತಿಕೊಂಡು ಬಾ, ಲೋಡ್ ಆಗಾಕ ಸಂಜಿ ಆಗತೈತಿ."